ತೆರೆಯ ಕೆಳಗಿನ ಸಾಲು

ಮೂರನೆಯ ಸಾಲಿನಲ್ಲಿ, ಎಡದಿಂದ ಐದನೆಯ ಕುರ್ಚಿಯಲ್ಲಿ, ಒಬ್ಬ ಹೆಂಗಸು ಕೂತಿದ್ದಳು. ಬೂದು ಬಣ್ಣದ ಕೋಟನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದಳು. ದೂರದ ಯಾವುದೋ ದೇಶದ ರಂಗಮಂದಿರದಲ್ಲಿ ಆಡಿದ ಸಂಗೀತ ನಾಟಕವನ್ನು ಯಾರೋ ಚಿತ್ರೀಕರಿಸಿದ್ದರು. ಅದನ್ನು ನಾನು ಗೋಕಾಕದ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಲ್ಯಾಪ್‌ಟಾಪಿನಲ್ಲಿ ನೋಡುತ್ತಿದ್ದೆ. ನಾಯಕಿ ತನ್ನ ಮುಖ್ಯ ಹಾಡಿನ ಕೊನೆಗೆ ಬಂದಿದ್ದಳು. ಆಗ ಕ್ಯಾಮೆರಾ ಎರಡು ಕ್ಷಣ ಪ್ರೇಕ್ಷಕರ ಕಡೆ ತಿರುಗಿತು. ಎಲ್ಲರೂ ಉಸಿರು ಹಿಡಿದು ಕೂತಿದ್ದರು, ಈ ಹೆಂಗಸೊಬ್ಬಳನ್ನು ಬಿಟ್ಟು. ಅವಳು ಕೈಚೀಲದಲ್ಲಿ ಏನನ್ನೋ ಹುಡುಕುತ್ತಿದ್ದಳು.

ಚಿತ್ರವನ್ನು ಅಲ್ಲಿಗೇ ನಿಲ್ಲಿಸಿ ಅವಳನ್ನು ಬಹಳ ಹೊತ್ತು ನೋಡಿದೆ. ನನಗೆ ಬಂದದ್ದು ಸಿಟ್ಟಲ್ಲ, ಹೊಟ್ಟೆಕಿಚ್ಚು. ಆ ಕುರ್ಚಿ ನನಗೆ ಸಿಕ್ಕಿದ್ದರೆ ನಾನು ಕಣ್ಣು ಮಿಟುಕಿಸುತ್ತಿರಲಿಲ್ಲ ಎಂದುಕೊಂಡೆ. ಇವಳಿಗೆ ಅದು ಎಷ್ಟು ಸಲೀಸಾಗಿ ಸಿಕ್ಕಿದೆಯೆಂದರೆ ಹಾಡು ನಡೆಯುವಾಗಲೇ ಕರವಸ್ತ್ರ ಹುಡುಕಬಹುದು. ಸಿಕ್ಕವರಿಗೆ ಸಿಕ್ಕಿದ್ದು ಗೊತ್ತಾಗುವುದಿಲ್ಲ ಎನ್ನುವುದೇ ನನ್ನನ್ನು ಹೆಚ್ಚು ಉರಿಸುತ್ತಿತ್ತು.

ಈ ಹುಚ್ಚು ಹತ್ತಿದ್ದು ಧಾರವಾಡದಲ್ಲಿ, ಇಂಗ್ಲಿಷ್ ಎಂ.ಎ. ಓದುವಾಗ. ಹಾಸ್ಟೆಲಿನ ಗೆಳತಿಯೊಬ್ಬಳು ಮುಂಬೈಗೆ ಹೋಗಿ, ಅಲ್ಲಿಗೆ ಬಂದಿದ್ದ ವಿದೇಶಿ ತಂಡದ ಸಂಗೀತ ನಾಟಕ ನೋಡಿ ಬಂದಳು. ಟಿಕೆಟಿನ ಚೂರನ್ನು ಪುಸ್ತಕದೊಳಗೆ ಗುರುತಿಗೆ ಇಟ್ಟುಕೊಂಡಿದ್ದಳು. ನಾಟಕ ಹೇಗಿತ್ತು ಎಂದು ಕೇಳಿದರೆ "ಸೂಪರ್ ಇತ್ತು" ಎಂದಳು, ಅಷ್ಟೇ. ನಾನು ಚಿಕ್ಕವಳಿದ್ದಾಗ ಅವ್ವನ ಮಡಿಲಲ್ಲಿ ಕೂತು ಗೋಕಾಕಕ್ಕೆ ಬಂದ ಕಂಪನಿ ನಾಟಕ ನೋಡಿದ್ದೆ. ಸತ್ತು ಬಿದ್ದ ನಾಯಕ ಜನರ "ಒನ್ಸ್ ಮೋರ್" ಕೂಗಿಗೆ ಎದ್ದು ಕೂತು, ಅದೇ ಹಾಡನ್ನು ಮತ್ತೆ ಹಾಡಿ, ಮತ್ತೆ ಸತ್ತಿದ್ದ. ಅವ್ವ ಎರಡು ಸಲವೂ ಅತ್ತಿದ್ದಳು. ಓದಿದ ಮೇಲೆ ನನಗೆ ಅದೆಲ್ಲ ನಾಚಿಕೆಗೇಡಾಗಿ ಕಾಣತೊಡಗಿತು. ಹಾಸ್ಟೆಲಿನಲ್ಲಿ ಕೂತು ನೋಡಿದ ವಿದೇಶಿ ಚಿತ್ರಗಳಲ್ಲಿ, ನಾಟಕಗಳಲ್ಲಿ ಸತ್ತವರು ಏಳುತ್ತಿರಲಿಲ್ಲ. ಹಾಡು ಮುಗಿಯುವ ತನಕ ಯಾರೂ ಕೆಮ್ಮುತ್ತಿರಲಿಲ್ಲ. ಆ ಶಿಸ್ತು ನನ್ನದಾಗಬೇಕು ಅನ್ನಿಸುತ್ತಿತ್ತು.

ಓದು ಮುಗಿಸಿ ಗೋಕಾಕಕ್ಕೆ ಬಂದು, ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾದೆ. ವಿದೇಶಿ ಚಿತ್ರಗಳನ್ನು ನೋಡುವುದು ನಡೆದೇ ಇತ್ತು. ನೋಡಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ, ಮೆಚ್ಚಿದ ಮಾತುಗಳನ್ನು ಕೆಂಪು ಶಾಯಿಯಲ್ಲಿ. ಮನೆಯಲ್ಲಿ ಯಾರಿಗೂ ಅದನ್ನು ತೋರಿಸಿರಲಿಲ್ಲ. ಊರಿನಲ್ಲಿ ನನ್ನ ಬಳಿ ಮಾತ್ರ ಇರುವ ವಸ್ತು ಎಂದರೆ ಅದೊಂದೇ ಇತ್ತು.

ಅದರೊಳಗೆ ಪಾಲು ಸಿಕ್ಕಿದ್ದು ನನ್ನ ತಂಗಿಗೆ. ಚಿಕ್ಕವ್ವನ ಮಗಳು, ಮೂಡಲಗಿಯವಳು. ಪಿ.ಯು.ಸಿ. ಮುಗಿಸಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು. ಲೈನಿಂಗ್ ಬಟ್ಟೆ, ಲೇಸು, ಹುಕ್ಕು ತರಲು ಎರಡು ವಾರಕ್ಕೊಮ್ಮೆ ಭಾನುವಾರ ಗೋಕಾಕಕ್ಕೆ ಬರುತ್ತಿದ್ದಳು. ಪೇಟೆಯ ಕೆಲಸ ಮುಗಿಸಿ, ಊಟ ಮಾಡಿ, ಮಧ್ಯಾಹ್ನ ನನ್ನ ಕೋಣೆಗೆ ಬಂದು ಮಂಚದ ಮೇಲೆ ಕಾಲು ಮಡಚಿ ಕೂಡುತ್ತಿದ್ದಳು.

"ಅಕ್ಕಾ, ಯಾವದರ ಒಂದ ಹಚ್ಚು."

ಇಂಗ್ಲಿಷ್ ಅವಳಿಗೆ ಬಾರದು. ತೆರೆಯ ಕೆಳಗೆ ಬರುವ ಸಾಲುಗಳನ್ನು ನಾನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಶನಿವಾರವೇ ಒಬ್ಬಳೇ ಒಮ್ಮೆ ನೋಡಿ, ಕಷ್ಟದ ಮಾತುಗಳಿಗೆ ಸರಿಯಾದ ಕನ್ನಡ ಹುಡುಕಿ ಇಟ್ಟುಕೊಳ್ಳುತ್ತಿದ್ದೆ.

"ವಾರ್ತಾ ಓದಿದಂಗ ಓದಬ್ಯಾಡಲಾ ಅಕ್ಕಾ," ಎನ್ನುತ್ತಿದ್ದಳು. "ಆಕಿ ಅಳಾಕತ್ತಾಳ. ನೀ ಮಂತ್ರಿಗೋಳ ಭಾಷಣ ಹೇಳಿದಂಗ ಹೇಳಾಕತ್ತಿ."

ನಾನು ನಗುತ್ತಿರಲಿಲ್ಲ. ಒಳಗೊಳಗೆ ಖುಷಿಯಿರುತ್ತಿತ್ತು. ಅವಳಿಗೆ ಆ ಲೋಕಕ್ಕೆ ಹೋಗಲು ನನ್ನ ಬಾಯಿಯೊಂದೇ ಬಾಗಿಲು ಎಂದು ನಂಬಿದ್ದೆ.

ಒಂದು ದಿನ ಮೂಡಲಗಿಗೆ ಹೋಗಿದ್ದೆ. ಚಿಕ್ಕವ್ವನ ಮನೆಯ ಕಟ್ಟೆಯ ಮೇಲೆ ಬ್ಲೌಸಿನ ಅಳತೆ ಕೊಡಲು ಬಂದ ಹೆಂಗಸೊಬ್ಬಳು ಕೂತಿದ್ದಳು. ನನ್ನನ್ನು ನೋಡಿದವಳೇ ಕೇಳಿದಳು:

"ಅಕ್ಕೋರ, ಆ ಗಡಿಯಾರ ರಿಪೇರಿ ಮಾಡಾಂವಂದು ಮುಂದ ಏನ ಆತ್ರಿ? ನಿಮ್ಮ ತಂಗಿ ಅರ್ಧಕ್ಕ ನಿಲ್ಲಿಸಿ ಬ್ಲೌಸ್ ಆದ ಮ್ಯಾಲ ಹೇಳ್ತೀನಿ ಅಂತಾಳ. ಮೂರನೇ ಬ್ಲೌಸ್ ಕೊಡಾಕ ಬಂದೀನಿ ನೋಡ್ರಿ, ಅದಕ್ಕಂತನ!"

ಗಡಿಯಾರ ರಿಪೇರಿ ಮಾಡುವವನು ಎರಡು ತಿಂಗಳ ಹಿಂದೆ ನಾನು ತೋರಿಸಿದ ಚಿತ್ರದ ಮುದುಕ. ನನ್ನ ನೋಟ್‌ಬುಕ್ಕಿನಲ್ಲಿ ಅವನಿಗೆ ನಾಲ್ಕು ಪುಟಗಳಿದ್ದವು. ಆ ಹೆಂಗಸು ಅವನ ಬಗ್ಗೆ ಮಾತಾಡಿದ್ದು ಓಣಿಯ ಯಾರೋ ಕಾಕಾನ ಬಗ್ಗೆ ಮಾತಾಡಿದ ಹಾಗಿತ್ತು. ಒಳಗಿನಿಂದ ತಂಗಿ ಟೇಪು ಕೊರಳಿಗೆ ಹಾಕಿಕೊಂಡು ಬಂದಳು. ನನ್ನನ್ನು ಕಂಡು ಅವಳ ಮುಖದಲ್ಲಿ ಯಾವ ಅಳುಕೂ ಇರಲಿಲ್ಲ. ನಾನು ತೋರಿಸಿದ ಚಿತ್ರಗಳನ್ನೆಲ್ಲ ಅವಳು ಮೂಡಲಗಿಯಲ್ಲಿ ಹಂಚಿಬಿಟ್ಟಿದ್ದಳು.

ಗೋಕಾಕದ ಬಸ್ಸಿನಲ್ಲಿ ಕೂತು ಯೋಚಿಸಿದೆ. ಅವಳು ತಪ್ಪು ಮಾಡಿದ್ದಳೇ? ಇಲ್ಲ. ಯಾರಿಗೂ ಹೇಳಬೇಡ ಎಂದು ನಾನು ಹೇಳಿರಲಿಲ್ಲ. ಆದರೆ ನನ್ನ ತರಗತಿಯಲ್ಲಿ ಅದೇ ಚಿತ್ರದ ಬಗ್ಗೆ ಒಮ್ಮೆ ಮಾತಾಡಿದ್ದೆ, ಸಿದ್ಧತೆ ಮಾಡಿಕೊಂಡು, ಇಪ್ಪತ್ತು ನಿಮಿಷ. ಒಬ್ಬ ಹುಡುಗಿ ಆಕಳಿಸಿದ್ದಳು. ಮುಂದೇನಾಯಿತು ಎಂದು ಯಾರೂ ಕೇಳಿರಲಿಲ್ಲ.

ಮುಂದಿನ ಭಾನುವಾರ ತಂಗಿ ಬಂದಾಗ ತೋರಿಸಿದ್ದು ಉತ್ತರದ ಯಾವುದೋ ಚಳಿಯ ದೇಶದ ಚಿತ್ರ. ಹಾಡುಗಳಿದ್ದ ಚಿತ್ರ. ಸಮುದ್ರದ ದಂಡೆಯ ಊರಿನಲ್ಲಿ ಇಬ್ಬರು ಅಕ್ಕತಂಗಿಯರು. ಅಕ್ಕ ಆಚೆ ದಂಡೆಗೆ ಹೋಗುವ ದೊಡ್ಡ ದೋಣಿಗೆ ಟಿಕೆಟ್ ಕೊಡುವ ಕಿಟಕಿಯಲ್ಲಿ ಕೂಡುತ್ತಾಳೆ. ತಂಗಿ ಹಾಡುಗಾರ್ತಿ, ಒಂದು ನಾಟಕ ತಂಡದ ಜೊತೆ ಹೋಗಿಬಿಡುತ್ತಾಳೆ. ವರ್ಷಗಳ ಮೇಲೆ ಆ ತಂಡ ಅದೇ ಊರಿಗೆ ಬರುತ್ತದೆ. ಅಕ್ಕ ಹಿಂದಿನ ಸಾಲಿನಲ್ಲಿ ಕೂತು ನಾಟಕ ನೋಡಿ, ಭೆಟ್ಟಿಯಾಗದೆ ಎದ್ದು ಹೋಗುತ್ತಾಳೆ. ಮರುದಿನ ಮುಂಜಾನೆ ತಂಗಿ ಆ ಕಿಟಕಿಗೆ ಬಂದು ನಿಲ್ಲುತ್ತಾಳೆ. "ಒಂದು ಟಿಕೆಟ್" ಎನ್ನುತ್ತಾಳೆ. ಹಿಂದೆ ದೋಣಿ ನಿಂತೇ ಇದೆ, ಅದರ ದೀಪಗಳು ಉರಿಯುತ್ತಿವೆ. ಅಕ್ಕ ಅವಳನ್ನು ನೋಡಿ ಹೇಳುತ್ತಾಳೆ: "ಇವತ್ತು ದೋಣಿ ಇಲ್ಲ."

ಚಿತ್ರ ಅಲ್ಲಿಗೆ ಮುಗಿಯುತ್ತದೆ. ಶನಿವಾರ ಒಬ್ಬಳೇ ನೋಡಿದಾಗ ಆ ಮಾತನ್ನು ಕೆಂಪು ಶಾಯಿಯಲ್ಲಿ ಬರೆದುಕೊಂಡು ಕೆಳಗೆ ಗೆರೆ ಎಳೆದಿದ್ದೆ. ಕಣ್ಣೆದುರು ದೋಣಿ ಇಟ್ಟುಕೊಂಡು ಇಲ್ಲ ಎನ್ನುವುದು. ಹೋಗಬೇಡ ಎನ್ನುವುದನ್ನು ಹೀಗೂ ಹೇಳಬಹುದು ಎಂದು ನನಗೆ ಗೊತ್ತಿರಲಿಲ್ಲ.

ಭಾನುವಾರ ಆ ಸಾಲು ತೆರೆಯ ಮೇಲೆ ಬಂತು. ತಂಗಿ ಮುಂದಕ್ಕೆ ಬಾಗಿ ನೋಡುತ್ತಿದ್ದಳು. ಈ ಮಾತು ನಾಳೆ ಮೂಡಲಗಿಯಲ್ಲಿ ಹುಕ್ಕು ಹಚ್ಚುತ್ತ, ಕಾಜಾ ಮಾಡುತ್ತ, ಯಾರ್ಯಾರ ಬಾಯಿಗೋ ಹೋಗುತ್ತದೆ ಎನ್ನುವುದು ಒಮ್ಮೆಲೇ ಹೊಳೆಯಿತು.

"ಬೇಗ ಹೋಗು, ದೋಣಿ ಬಿಡುತ್ತದೆ," ಎಂದೆ.

ತಂಗಿ ನನ್ನ ಕಡೆ ತಿರುಗಿದಳು. "ಹಂಗಂದ್ಲಾ?"

"ಹೂಂ."

ಅವಳು ಮತ್ತೆ ತೆರೆಯ ಕಡೆ ನೋಡಿದಳು. ಅಲ್ಲಿ ಆಗಲೇ ಹೆಸರುಗಳು ಮೇಲಕ್ಕೆ ಹೋಗುತ್ತಿದ್ದವು.

ಬೇಸಿಗೆಗೆ ತಂಗಿಯ ಮದುವೆ ಗೊತ್ತಾಯಿತು, ಹುಕ್ಕೇರಿಗೆ. ಮದುವೆಗೆ ಶಾವಿಗೆ ಮಾಡಬೇಕಿತ್ತು. ಮೂಡಲಗಿಯ ಆ ಓಣಿಯಲ್ಲಿ ಶಾವಿಗೆಯನ್ನು ಮುಯ್ಯಿಯಲ್ಲಿ ಮಾಡುತ್ತಾರೆ: ಇವತ್ತು ಎಲ್ಲರೂ ನಮ್ಮ ಮನೆಗೆ, ನಾಳೆ ನಾವೆಲ್ಲ ನಿಮ್ಮ ಮನೆಗೆ. ಆ ಸಲ ಮೂರು ಮನೆಗಳ ಸರದಿ. ಮೊದಲು ಚಿಕ್ಕವ್ವನ ಮನೆ, ಆಮೇಲೆ ಎದುರಿನ ಮನೆ, ಕೊನೆಗೆ ಹಿಂದಿನ ಓಣಿಯ ಆಯಿಯ ಮನೆ. ಆ ಮನೆಯ ಗಂಡಸರು ಕುರಿ ಹಿಂಡಿನ ಜೊತೆ ಊರೂರು ತಿರುಗುವವರು. ಆಯಿ ಸೊಸೆಯಂದಿರ ಜೊತೆ ಮನೆ, ಹೊಲ ನೋಡಿಕೊಳ್ಳುತ್ತಿದ್ದಳು. ಶಾವಿಗೆ ಮಷೀನು ಕೌಜಲಗಿಯ ಬೀಗರಿಂದ ತಂದದ್ದು. ಅದನ್ನು ಬೆಂಚಿಗೆ ಬಿಗಿದು, ಒಬ್ಬಳು ಹಿಟ್ಟಿನ ಉಂಡೆ ಹಾಕುವುದು, ಒಬ್ಬಳು ಹಿಡಿಕೆ ತಿರುವುವುದು, ಒಬ್ಬಳು ಕೆಳಗೆ ಇಳಿಯುವ ಎಳೆಗಳನ್ನು ಕೋಲಿನ ಮೇಲೆ ಹಿಡಿದು ಒಣಹಾಕಲು ಹೊರಸಿನ ಮಂಚಕ್ಕೆ ಒಯ್ಯುವುದು. ನನಗೆ ಹಿಡಿಕೆ ಕೊಟ್ಟರು. ಬೇರೆ ಯಾವುದಕ್ಕೂ ನಾನು ಲಾಯಕ್ಕಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಮುಯ್ಯಿಗೆ ಇನ್ನೊಂದು ನಿಯಮವಿತ್ತು. ಮೊದಲ ಮನೆಯಲ್ಲಿ ಶುರುವಾದ ಕಥೆ ಕೊನೆಯ ಮನೆಯ ಹಿಟ್ಟು ಮುಗಿಯುವುದರೊಳಗೆ ಮುಗಿಯಬೇಕು. ಅರ್ಧಕ್ಕೆ ಬಿಟ್ಟರೆ ಶಾವಿಗೆ ಕುದಿಯುವಾಗ ಕಡಿದು ಮುದ್ದೆಯಾಗುತ್ತದೆ ಎಂದು ಆಯಿ ಹೇಳುತ್ತಿದ್ದಳು. ಆ ಸಲ ಕಥೆ ಯಾರದು ಎಂದು ಯಾರೂ ಕೇಳಲೇ ಇಲ್ಲ. ತಂಗಿ ಕೋಲು ಹಿಡಿದು ನಿಂತು ಶುರುಮಾಡಿದಳು:

"ಒಂದ ಊರು. ಊರ ಮುಂದ ಬರೇ ನೀರ. ಆ ನೀರ ದಾಟಾಕ ಒಂದ ದೋಣಿ. ಆ ದೋಣಿಗೆ ಟಿಕೆಟ್ ಕೊಡಾಕಿ ಒಬ್ಬಾಕಿ, ಟಿಕೆಟ್ ಅಕ್ಕ."

"ಹೆಣ್ಮಕ್ಕಳಿಗೂ ಟಿಕೆಟ್ಟಾ?" ಎಂದಳು ಆಯಿ. "ಆಧಾರ್ ಕಾರ್ಡ್ ತೋರಸಿದ್ರ ಆಗಾಂಗಿಲ್ಲೇನ?"

"ಆ ದೇಶದಾಗ ಇನ್ನೂ ಫ್ರೀ ಮಾಡಿಲ್ಲ ಆಯಿ."

"ಹಂಗಾರ ಎಂಥಾ ಸುಧಾರಿಸಿದ ದೇಶ ಬೇ ಅದು?"

ಎಲ್ಲರೂ ನಕ್ಕರು. ನಾನೂ ನಕ್ಕೆ, ತಡವಾಗಿ.

ಮೂರು ದಿನ ಅವಳು ಹೇಳಿದಳು. ನನ್ನ ಚಿತ್ರ ಅದೇ, ನನ್ನದಲ್ಲದ್ದೂ ಅದೇ. ಚಿತ್ರದ ತಂಗಿ ಮನೆ ಬಿಟ್ಟು ಹೋಗುವಾಗ ಹಾಡುವ ಹಾಡಿನ ಜಾಗದಲ್ಲಿ ಇವಳು ಬೀಸುವ ಕಲ್ಲಿನ ಹಾಡಿನ ಧಾಟಿಯಲ್ಲಿ ತಾನೇ ಎರಡು ಸಾಲು ಕಟ್ಟಿ ಹಾಡಿದಳು. ಆ ಊರಿನ ಚಳಿಯನ್ನು ಅವಳು ವರ್ಣಿಸಲಿಲ್ಲ. ಟಿಕೆಟ್ ಅಕ್ಕ ನಾಣ್ಯ ತೆಗೆದುಕೊಳ್ಳುವ ಮೊದಲು ಬೆರಳುಗಳನ್ನು ಬಾಯಿಯ ಹತ್ತಿರ ಹಿಡಿದು ಊದಿಕೊಳ್ಳುವುದನ್ನು ಮಾಡಿ ತೋರಿಸಿದಳು. ಚಿತ್ರದಲ್ಲಿ ಅದು ಇತ್ತೇ? ನನಗೆ ನೆನಪಿರಲಿಲ್ಲ. ನಾನು ಅದನ್ನು ಎರಡು ಸಲ ನೋಡಿದವಳು.

ಮೂರನೆಯ ದಿನ ಆಯಿಯ ಅಂಗಳದಲ್ಲಿ ಕೊನೆಯ ಹಿಟ್ಟಿನ ಉಂಡೆಗಳು ಬಟ್ಟೆಯ ಕೆಳಗೆ ಕಾಯುತ್ತಿದ್ದವು. ಕಥೆ ಆ ಕಿಟಕಿಗೆ ಬಂತು. ನಾನು ಹಿಡಿಕೆ ತಿರುವುತ್ತ ತಲೆ ತಗ್ಗಿಸಿದೆ. ಈಗ ಅವಳು ನನ್ನ ಸುಳ್ಳನ್ನು ಹೇಳುತ್ತಾಳೆ, ಈ ಹೆಂಗಸರು "ಇಷ್ಟೇನಾ?" ಎನ್ನುತ್ತಾರೆ. ನಿಜ ಹೇಳಬೇಕೆಂದರೆ, ಅದನ್ನು ಕೇಳಲಿಕ್ಕೇ ನಾನು ಮೂರನೆಯ ದಿನವೂ ಬಂದಿದ್ದೆ.

"ತಂಗಿ ಕೇಳಿದ್ಲು, ಒಂದ ಟಿಕೆಟ್ ಕೊಡು ಅಂತ," ಎಂದಳು ತಂಗಿ. ಕೋಲನ್ನು ಹೊರಸಿನ ಮೇಲಿಟ್ಟು ಬರಿಗೈಯಾದಳು. "ಟಿಕೆಟ್ ಅಕ್ಕ ಏನೂ ಮಾತಾಡಲಿಲ್ಲ. ಟಿಕೆಟ್ ಪುಸ್ತಕದ ಮ್ಯಾಲ ಹಿಂಗ ಕೈ ಇಟ್ಟಳು. ಹರೀಲಿಲ್ಲ. ಹಿಂದ ದೋಣಿ ಹಾರ್ನ್ ಹೊಡೀತು. ಕೈ ತಗೀಲಿಲ್ಲ. ಇನ್ನೊಮ್ಮಿ ಹೊಡೀತು. ತಗೀಲಿಲ್ಲ."

ಅಷ್ಟೇ ಹೇಳಿ ನಿಲ್ಲಿಸಿದಳು.

ಚಿಕ್ಕವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಮಗಳನ್ನು ಕೊಟ್ಟು ಕಳಿಸುವವಳು ಅವಳು.

"ಟಿಕೆಟ್ ಹರೀಲಿಲ್ಲಂದ್ರ ಮತ್ತೇನ ಬೇ," ಎಂದಳು ಆಯಿ. "ಇರು ಅಂದಂಗನ ಆತಲಾ." ಆಮೇಲೆ ನನ್ನ ಕಡೆ ತಿರುಗಿ, "ಅಕ್ಕೋರ, ಕೈ ಯಾಕ ನಿಂತೈತಿ? ತಿರುವ್ರಿ, ತಿರುವ್ರಿ! ಹಿಟ್ಟ ಒಣಗತೈತಿ."

ನಿಂತದ್ದು ನನ್ನ ಕೈ ಎಂದು ಆಗ ಗೊತ್ತಾಯಿತು.

"ಏ ತಂಗೀ, ಆ ಕಿಟಕೀದು ಇನ್ನೊಮ್ಮಿ ಹೇಳು," ಎಂದಳು ಎದುರು ಮನೆಯವಳು.

ತಂಗಿ ಇನ್ನೊಮ್ಮೆ ಹೇಳಿದಳು. ಚಿಕ್ಕವ್ವ ಇನ್ನೊಮ್ಮೆ ಅತ್ತಳು.

ಮನೆಗೆ ಬಂದು ಒಂದು ವಾರ ಆ ಚಿತ್ರವನ್ನು ಮುಟ್ಟಲಿಲ್ಲ. ಆಮೇಲೆ ಒಂದು ಮುಂಜಾನೆ, ಕಾಲೇಜಿಗೆ ರಜೆ ಇದ್ದಾಗ, ಲ್ಯಾಪ್‌ಟಾಪಿನ ಕೆಳಭಾಗಕ್ಕೆ ಎರಡು ಬೆರಳಗಲದ ಕಾಗದದ ಪಟ್ಟಿ ಅಂಟಿಸಿ ಕೊನೆಯ ದೃಶ್ಯ ಹಚ್ಚಿದೆ. ಅಕ್ಷರಗಳು ಕಾಣದಾದವು. ಟಿಕೆಟಿನ ಪುಸ್ತಕ ಅಲ್ಲಿತ್ತು. ಅದರ ಮೇಲೆ ಅಕ್ಕನ ಅಂಗೈ ಅಗಲವಾಗಿ ಇತ್ತು, ನನ್ನ ತಂಗಿ ಮಾಡಿ ತೋರಿಸಿದ ಹಾಗೆಯೇ. ಮೊದಲಿನಿಂದಲೂ ಇತ್ತು. ಇನ್ನಷ್ಟು ಹಿಂದಕ್ಕೆ ಹೋಗಿ ನೋಡಿದೆ. ಬೆರಳು ಊದಿಕೊಳ್ಳುವುದೂ ಇತ್ತು. ಹಾರ್ನ್ ಮಾತ್ರ ಇರಲಿಲ್ಲ. ಅದೊಂದನ್ನು ಅವಳು ಮೂಡಲಗಿಯ ಬಸ್‌ಸ್ಟ್ಯಾಂಡಿನಿಂದ ತಂದಿರಬೇಕು.

ಅಂದರೆ ನಾನು ಓದುತ್ತಿದ್ದಾಗ ಅವಳು ನೋಡುತ್ತಿದ್ದಳು. ಹಾಸ್ಟೆಲಿನಿಂದ ಇಲ್ಲಿಯ ತನಕ ಎಷ್ಟೋ ದೇಶಗಳ ಚಿತ್ರಗಳಲ್ಲಿ ನಾನು ಹೆಚ್ಚಾಗಿ ನೋಡಿದ್ದು ತೆರೆಯ ಕೆಳಗಿನ ಎರಡು ಬೆರಳಗಲದ ಜಾಗವನ್ನು. ಮೂರನೆಯ ಸಾಲಿನಲ್ಲಿ ಕೋಟು ಮಡಚಿಕೊಂಡು ಕೂತ ಹೆಂಗಸನ್ನು ನೆನೆದೆ. ಅವಳ ಕೈಚೀಲ ನನಗೆ ಸ್ಪಷ್ಟವಾಗಿ ನೆನಪಿತ್ತು. ನಾಯಕಿಯ ಮುಖ ನೆನಪಿರಲಿಲ್ಲ.

ಇದು ಗೊತ್ತಾದ ಮೇಲೆ ಹೊಟ್ಟೆಕಿಚ್ಚು ಕಡಿಮೆಯಾಗಬೇಕಿತ್ತು. ಹೆಚ್ಚಾಯಿತು. ಮೊದಲು ತಂಗಿಗೆ ಸಿಕ್ಕ ಕೇಳುಗರ ಮೇಲಿತ್ತು, ಈಗ ಅವಳ ಕಣ್ಣುಗಳ ಮೇಲೆ.

ಮದುವೆಯಾಯಿತು. ಭಾನುವಾರಗಳು ಖಾಲಿಯಾದವು. ಒಬ್ಬಳೇ ಚಿತ್ರ ನೋಡುವಾಗ ನನ್ನ ತುಟಿಗಳು ತಾವೇ ಅಲುಗುವುದನ್ನು ಗಮನಿಸಿದೆ. ಖಾಲಿ ಮಂಚಕ್ಕೆ ಕನ್ನಡದಲ್ಲಿ ಹೇಳುತ್ತಿದ್ದೆ. ಎರಡು ತಿಂಗಳ ಮೇಲೆ ಅವ್ವ ಕೊಟ್ಟ ಕರದಂಟಿನ ಡಬ್ಬಿ ಹಿಡಿದುಕೊಂಡು ಹುಕ್ಕೇರಿಗೆ ಹೋದೆ.

ತಂಗಿಯ ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಸಿನಿಮಾ ತೋರಸೋ ಅಕ್ಕ ನೀವ ಏನ್ರಿ? ಬರ್ರಿ, ಕುಂದರ್ರಿ. ನಾ ನಿಮ್ಮನ್ನ ಭಾಳ ಮಾತಿನ ಮಲ್ಲಿ ಇರಬೇಕ ಅನ್ಕೊಂಡಿದ್ದೆ."

"ನಮ್ಮಕ್ಕ ಮಾತಾಡೂದ ಕಮ್ಮಿರಿ ಅತ್ತಿ," ಎಂದಳು ತಂಗಿ.

"ಹಂಗಾರ ಅಷ್ಟೂ ಕಥಿ ನಿನಗ ಹೆಂಗ ಹೇಳಿದ್ರು?"

ತಂಗಿ ನನ್ನ ಕಡೆ ನೋಡಿ ಕರದಂಟಿನ ಡಬ್ಬಿ ತೆರೆದಳು. ಹುಕ್ಕೇರಿಯಲ್ಲಿಯೂ ಟಿಕೆಟ್ ಅಕ್ಕ ನನಗಿಂತ ಮೊದಲೇ ಬಂದು ನೆಲೆಸಿದ್ದಳು.

ಸಂಜೆ ಬಸ್‌ಸ್ಟ್ಯಾಂಡಿನ ತನಕ ತಂಗಿ ಬಂದಳು. ಕೈಯಲ್ಲಿ ಕಾಯಿಪಲ್ಲೆಯ ಚೀಲವಿತ್ತು. ಗೋಕಾಕದ ಬಸ್ಸಿಗೆ ಇನ್ನೂ ಹೊತ್ತಿತ್ತು. ಕಲ್ಲುಬೆಂಚಿನ ಮೇಲೆ ಕೂತೆವು.

"ಅಕ್ಕಾ, ಒಂದ ಕೇಳ್ತೀನಿ. ಸಿಟ್ಟ ಆಗಬ್ಯಾಡ."

"ಕೇಳು."

"ಆಕಿ ಖರೇನ ಏನ ಅಂದಿದ್ಲು?"

ಯಾರು ಎಂದು ಕೇಳಬಹುದಿತ್ತು. ಕೇಳಲಿಲ್ಲ.

"ಇವತ್ತ ದೋಣಿ ಇಲ್ಲ ಅಂದ್ಲು."

"ದೋಣಿ ಇತ್ತಲಾ, ಹಿಂದ?"

"ಇತ್ತು."

"ಇದ್ರೂ ಇಲ್ಲ ಅಂದ್ಲು."

"ಹೂಂ."

"ಯವ್ವಾ," ಎಂದು ನನ್ನ ತೊಡೆಗೆ ಹೊಡೆದಳು. "ಇಷ್ಟ ಚಲೋ ಮಾತ ನೀ ಒಬ್ಬಾಕೀನ ಮುಚ್ಚಿ ಇಟ್ಕೊಂಡಿದ್ಯಾ? ಸಣ್ಣಾಕಿದ್ದಾಗ ಪೇರಲಹಣ್ಣ ಪಾಟೀಚೀಲದಾಗ ಬಚ್ಚಿಡತಿದ್ದಿ, ಹಂಗ?"

"ನಿನಗ ಅವತ್ತ ಗೊತ್ತಾಗಿತ್ತೇನ?"

"ಹೋಗು ಅನ್ನಾಕಿ ಮಾರಿ ಹಂಗ ಇರತೈತೇನ ಅಕ್ಕಾ?"

ಸಿಟ್ಟಿರಲಿಲ್ಲ ಅವಳಲ್ಲಿ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಅವಳು ಇನ್ನೂ ಏನೋ ಲೆಕ್ಕ ಹಾಕುತ್ತಿದ್ದಳು. ಕೊನೆಗೆ ತಲೆ ಅಲ್ಲಾಡಿಸಿದಳು.

"ಮಾತ ಚಲೋ ಐತಿ. ಆದ್ರ ನಂದ ಇರಲಿ ಬಿಡು. ನಾ ಬದಲಿ ಮಾಡಾಂಗಿಲ್ಲ. ನಮ್ಮ ಮಂದಿಗೆ ಹಾರ್ನ್ ಬೇಕ."

ಗೋಕಾಕದ ಬಸ್ಸು ಬಂದು ನಿಂತಿತು. ಜನ ನುಗ್ಗಿದರು. ತಂಗಿ ನನ್ನ ಬೆನ್ನಿಗೆ ಕೈಹಚ್ಚಿ ಮುಂದಕ್ಕೆ ತಳ್ಳಿದಳು. "ಲಗೂ ಹತ್ತು ಅಕ್ಕಾ, ಬಸ್ ಬಿಡತೈತಿ. ಕಿಡಕಿ ಬಾಜೂ ಜಗಾ ಹಿಡಿ."

ನಾನು ಕಟ್ಟಿದ ಸುಳ್ಳು ಮಾತೇ ಅದು, ಹೆಚ್ಚುಕಡಿಮೆ. ಅವಳು ಬೇಕೆಂದು ಅಂದಳೋ ಸುಮ್ಮನೆ ಅಂದಳೋ ತಿಳಿಯಲಿಲ್ಲ. ಕಿಟಕಿಯ ಪಕ್ಕದಲ್ಲಿ ಕೂತೆ. ಆ ಮಾತನ್ನಷ್ಟೇ ಕೇಳಿಕೊಂಡು ಮುಖ ತಿರುಗಿಸುವವಳಿದ್ದೆ, ಆಮೇಲೆ ಅವಳ ಕಡೆ ನೋಡಿದೆ. ಅವಳ ಕೈ ನನ್ನ ಕಿಟಕಿಯ ಸರಳಿನ ಮೇಲಿತ್ತು. ಡ್ರೈವರ್ ಹಾರ್ನ್ ಹೊಡೆದ. ಕೈ ಅಲ್ಲೇ ಇತ್ತು. ಇನ್ನೊಮ್ಮೆ ಹೊಡೆದ. ಆಗ ತೆಗೆದಳು, ಅತ್ತೆಗೆ ಕಾಯಿಪಲ್ಲೆ ಮುಟ್ಟಿಸಬೇಕಿತ್ತು.

ಬಸ್ಸು ತಿರುವಿಗೆ ಬಂದಾಗ ಹಿಂದಕ್ಕೆ ನೋಡಿದೆ. ಅವಳು ಆಗಲೇ ಚೀಲ ಬೀಸುತ್ತ ಹೊರಟಿದ್ದಳು, ಏನನ್ನೋ ಹೇಳಲು ಹೋಗುವವರ ನಡಿಗೆಯಲ್ಲಿ. ಇದನ್ನೂ ಅವಳು ಒಲೆಯ ಮುಂದೆ ಕೂತು ಹೇಳುತ್ತಾಳೆ. ಅವಳ ಕಥೆಯಲ್ಲಿ ಕೈ ಸರಳನ್ನು ಬಿಡಲಿಕ್ಕಿಲ್ಲ. ನನಗಿಂತ ಚೆನ್ನಾಗಿಯೇ ಹೇಳುತ್ತಾಳೆ. ಅದಕ್ಕೇ ಅವತ್ತು ಮನೆ ಮುಟ್ಟಿದ ಕೂಡಲೇ, ಚಪ್ಪಲಿ ಬಿಟ್ಟವಳು ಕೈಕಾಲು ತೊಳೆಯದೆ, ನೋಟ್‌ಬುಕ್ ತೆಗೆದು ಅವಳಿಗಿಂತ ಮೊದಲು ಬರೆದಿಟ್ಟೆ.